ಆ ಪಕ್ಷಕ್ಕೆ ವೋಟು ಹಾಕಿದವರ ಜೊತೆ ಕೂತು ಮಾತಾಡುವುದು ಹೇಗೆ?

ಮನೆಯಲ್ಲೋ, ಆಫೀಸಿನಲ್ಲೋ, ಹಳೇ ಗೆಳೆಯರ ಗುಂಪಿನಲ್ಲೋ ಇಂಥವರೊಬ್ಬರು ಇದ್ದೇ ಇರುತ್ತಾರೆ. ಕಷ್ಟ ಅಂದರೆ ಓಡಿ ಬರುತ್ತಾರೆ. ದುಡ್ಡಿನ ವಿಷಯದಲ್ಲಿ ಕಟ್ಟುನಿಟ್ಟು, ಮಾತಿನಲ್ಲಿ ಮೃದು. ಆದರೆ ಚುನಾವಣೆ ಬಂತೆಂದರೆ ನಿಮಗೆ ಕಂಡರಾಗದ ಪಕ್ಷಕ್ಕೇ ವೋಟು ಹಾಕುತ್ತಾರೆ. ‘ಇಷ್ಟು ತಿಳಿದವರು ಅವರಿಗೆ ಹೇಗೆ ಮರುಳಾದರು?’ ಅಂತ ನೀವು ತಲೆ ಕೆಡಿಸಿಕೊಳ್ಳುತ್ತೀರಿ. ಅವರೂ ನಿಮ್ಮ ಬಗ್ಗೆ ಅದನ್ನೇ ಅಂದುಕೊಳ್ಳುತ್ತಿರುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಈ ಲೇಖನ ಅವರನ್ನು ಅರ್ಥ ಮಾಡಿಕೊಳ್ಳಬೇಕು ಅನ್ನುವವರಿಗೆ. ಅವರ ವೋಟು ಬದಲಿಸುವ ಉಪಾಯ ಇಲ್ಲಿ ಸಿಗುವುದಿಲ್ಲ. ಗುರಿ ಒಂದೇ. ಅವರು ಹಾಗೆ ವೋಟು ಹಾಕುವುದು ಯಾಕೆ ಅನ್ನುವುದನ್ನು ನೀವು ನಿಮ್ಮ ಮಾತಿನಲ್ಲಿ ಹೇಳಬೇಕು. ಅದನ್ನು ಕೇಳಿ ಅವರು ‘ಹೌದು, ಅದೇ ನಾನು ಹೇಳ್ತಿರೋದು’ ಅನ್ನಬೇಕು. ಸುಲಭ ಅನ್ನಿಸುತ್ತೆ ಅಲ್ವಾ? ನಮ್ಮಲ್ಲಿ ಬಹಳ ಜನ ಈ ಪರೀಕ್ಷೆಯಲ್ಲಿ ಫೇಲ್. ಯಾಕೆಂದರೆ ಎದುರಿನವರ ಕಾರಣ ಅಂತ ನಾವು ಹೇಳುವುದು ಸಾಮಾನ್ಯವಾಗಿ ಮೂರೇ: ದುಡ್ಡು ತಗೊಂಡಿದ್ದಾರೆ, ಬುದ್ಧಿ ಇಲ್ಲ, ಇಲ್ಲವೇ ದ್ವೇಷ ತುಂಬಿಕೊಂಡಿದ್ದಾರೆ.

ಇದು ಒಂದು ದೇಶದ ರೋಗವೇನಲ್ಲ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಎರಡು ಪಕ್ಷಗಳ (ರಿಪಬ್ಲಿಕನ್, ಡೆಮಾಕ್ರಟಿಕ್) ಬೆಂಬಲಿಗರನ್ನೂ, ಇಸ್ರೇಲಿಗಳನ್ನೂ, ಪ್ಯಾಲೆಸ್ತೀನಿಯರನ್ನೂ ಮಾತಾಡಿಸಿದ್ದರು. ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಉತ್ತರ. ನಮ್ಮವರು ಹೋರಾಡುವುದು ನಮ್ಮ ಜನರ ಮೇಲಿನ ಪ್ರೀತಿಯಿಂದ, ಅವರು ಹೋರಾಡುವುದು ನಮ್ಮ ಮೇಲಿನ ದ್ವೇಷದಿಂದ.

ಮೊದಲು, ಜಗಳ ಇರುವುದು ಎಲ್ಲಿ ಅಂತ ನೋಡಿ

ಎರಡು ಬೇರೆ ಬೇರೆ ವಿಷಯಗಳನ್ನು ನಾವು ಒಂದೇ ಅಂತ ತಿಳಿದಿರುತ್ತೇವೆ. ತೆರಿಗೆ ಎಷ್ಟಿರಬೇಕು, ಆಸ್ಪತ್ರೆ ಸರ್ಕಾರದ್ದಾಗಿರಬೇಕಾ ಅನ್ನುವುದರಲ್ಲಿ ಅಭಿಪ್ರಾಯ ಬೇರೆ ಇರುವುದು ಒಂದು. ಬೇರೆ ಅಭಿಪ್ರಾಯದವರ ಮುಖ ಕಂಡರೇ ಆಗದಿರುವುದು ಇನ್ನೊಂದು. ಮೊದಲನೆಯದು ಪ್ರಜಾಪ್ರಭುತ್ವದಲ್ಲಿ ಇರಲೇಬೇಕು. ಎರಡನೆಯದು ಹೆಚ್ಚಾದರೆ ಕಷ್ಟ.

ಅಮೆರಿಕದಲ್ಲಿ ಇದನ್ನು ಅಳೆಯಲು ಒಂದು ಮಜವಾದ ಪ್ರಶ್ನೆ ಕೇಳುತ್ತಾರೆ: ನಿಮ್ಮ ಮಗ ಅಥವಾ ಮಗಳು ಎದುರು ಪಕ್ಷದವರನ್ನು ಮದುವೆಯಾದರೆ ನಿಮಗೆ ಬೇಜಾರಾಗುತ್ತಾ? 1960ರಲ್ಲಿ ‘ಆಗುತ್ತೆ’ ಅಂದವರು ಎರಡೂ ಕಡೆ ಶೇ. 5ರ ಆಸುಪಾಸು. 2010ರ ಹೊತ್ತಿಗೆ ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧದಷ್ಟು ಜನ, ಡೆಮಾಕ್ರಾಟರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನ ಹಾಗೆ ಹೇಳುತ್ತಿದ್ದರು. ಈ ಅಂಕಿಗಳನ್ನು ಮುಂದಿಟ್ಟ ರಾಜ್ಯಶಾಸ್ತ್ರಜ್ಞ ಶಾಂತೋ ಅಯ್ಯಂಗಾರ್ ಮತ್ತು ಅವರ ಜೊತೆಗಾರರ ವಾದ ಏನೆಂದರೆ, ಜನರ ಅಭಿಪ್ರಾಯಗಳು ಅಷ್ಟೊಂದು ದೂರ ಹೋಗಿಲ್ಲ, ಜಾಸ್ತಿ ಬೆಳೆದಿರುವುದು ಮನಸ್ಸಿನ ಅಸಹ್ಯ.

ಗುಂಪು ಕಟ್ಟಿಕೊಳ್ಳಲು ಮನುಷ್ಯನಿಗೆ ದೊಡ್ಡ ಕಾರಣವೂ ಬೇಕಿಲ್ಲ. ಹೆನ್ರಿ ಟಾಜ್ಫೆಲ್ ಎಂಬ ಮನಶ್ಶಾಸ್ತ್ರಜ್ಞ 1970ರ ಹೊತ್ತಿಗೆ ಬ್ರಿಸ್ಟಲ್‌ನ ಶಾಲಾ ಹುಡುಗರ ಮೇಲೆ ಒಂದು ಪ್ರಯೋಗ ಮಾಡಿದರು. ಯಾವ ಚಿತ್ರಕಾರ ಇಷ್ಟ ಅಂತ ಕೇಳಿ, ಆ ನೆಪದಲ್ಲಿ ಹುಡುಗರನ್ನು ಎರಡು ಗುಂಪು ಮಾಡಿದರು. ತಾನು ಯಾವ ಗುಂಪು ಅನ್ನುವುದು ಬಿಟ್ಟರೆ, ಬೇರೆ ಯಾರು ಯಾವ ಗುಂಪಿನಲ್ಲಿದ್ದಾರೆ ಅಂತಲೂ ಹುಡುಗರಿಗೆ ಗೊತ್ತಿರಲಿಲ್ಲ. ಆಮೇಲೆ ದುಡ್ಡು ಹಂಚಲು ಹೇಳಿದರು. ಹುಡುಗರು ತಮ್ಮ ಗುಂಪಿಗೆ ಹೆಚ್ಚು ಕೊಟ್ಟರು, ಅದೇನೂ ಆಶ್ಚರ್ಯ ಅಲ್ಲ. ಆದರೆ ಎದುರು ಗುಂಪಿಗಿಂತ ಮೇಲೆ ಇರುವುದಕ್ಕೋಸ್ಕರ ತಮ್ಮ ಗುಂಪಿಗೇ ಸ್ವಲ್ಪ ಕಮ್ಮಿ ಸಿಕ್ಕರೂ ಪರವಾಗಿಲ್ಲ ಅನ್ನುವ ಹಾಗೆ ಹಂಚಿದರು! ಗುರುತೇ ಇಲ್ಲದ ಗುಂಪಿಗೆ ಇಷ್ಟಾದರೆ, ಬಾವುಟ, ಘೋಷಣೆ, ನಾಯಕ, ಇತಿಹಾಸ ಎಲ್ಲ ಇರುವ ಗುಂಪಿಗೆ ಎಷ್ಟಾಗಬೇಡ.

ಹಂತ 1: ನಿಮ್ಮ ತಲೆಯಲ್ಲಿರುವ ಚಿತ್ರವನ್ನು ಕಾಗದಕ್ಕೆ ಇಳಿಸಿ

ಯಾರ ಹತ್ತಿರವೂ ಮಾತಾಡುವ ಮೊದಲು ಈ ಕೆಲಸ ಮಾಡಿ. ಆ ಪಕ್ಷದ ಮತದಾರರು ಅಂದ ಕೂಡಲೇ ಮನಸ್ಸಿಗೆ ಬರುವುದನ್ನು ಬರೆಯಿರಿ. ವಯಸ್ಸೆಷ್ಟು, ಎಷ್ಟು ಓದಿದ್ದಾರೆ, ಏನು ಕೆಲಸ ಮಾಡುತ್ತಾರೆ, ಯಾವುದಕ್ಕೆ ಸಿಟ್ಟಾಗುತ್ತಾರೆ. ನೂರು ಜನರಲ್ಲಿ ಎಷ್ಟು ಜನ ಹೀಗಿದ್ದಾರೆ ಅಂತ ಅಂದಾಜಿನ ಅಂಕಿಯನ್ನೂ ಹಾಕಿ. ಯಾರಿಗೂ ತೋರಿಸಬೇಕಿಲ್ಲ, ಆದ್ದರಿಂದ ಮರ್ಯಾದೆ ನೋಡಬೇಡಿ.

ಈಗ ಪ್ರತಿ ಸಾಲಿನ ಮುಂದೆ, ಇದು ನನಗೆ ಗೊತ್ತಾದದ್ದು ಎಲ್ಲಿಂದ ಅಂತ ಬರೆಯಿರಿ. ನಿಮಗೆ ಪರಿಚಯ ಇರುವ ಒಬ್ಬ ವ್ಯಕ್ತಿಯಿಂದಲೋ? ಟಿವಿ ಚರ್ಚೆಯಿಂದಲೋ? ನಿಮ್ಮದೇ ಪಕ್ಷದವರು ಉಪ್ಪು ಖಾರ ಹಚ್ಚಿ ಹಂಚಿಕೊಂಡ ವಿಡಿಯೋದಿಂದಲೋ? ಮೂರನೆಯದೇ ಜಾಸ್ತಿ ಬಂದರೆ ಗಾಬರಿ ಬೇಡ, ಎಲ್ಲರದ್ದೂ ಹಾಗೇ. ನಮಗೆ ಕಾಣುವುದು ಎದುರು ಪಕ್ಷದ ಅತಿ ಜೋರು ಗಂಟಲಿನವರು. ಅದೂ ಅವರ ಅತಿ ಕೆಟ್ಟ ದಿನದಲ್ಲಿ.

ಈ ಚಿತ್ರ ಎಷ್ಟು ತಪ್ಪಿರಬಹುದು? ಡಗ್ಲಸ್ ಆಲರ್ ಮತ್ತು ಗೌರವ್ ಸೂದ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ರಿಪಬ್ಲಿಕನ್ ಪಕ್ಷದವರಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ಗಿಂತ ಹೆಚ್ಚು ದುಡಿಯುವವರು ಎಷ್ಟು ಅಂತ ಅಮೆರಿಕನ್ನರನ್ನು ಕೇಳಿದರೆ ಸರಾಸರಿ ಉತ್ತರ ಶೇ. 38. ನಿಜವಾಗಿ ಇದ್ದದ್ದು ಶೇ. 2. ಡೆಮಾಕ್ರಾಟರಲ್ಲಿ ಲೈಂಗಿಕ ಅಲ್ಪಸಂಖ್ಯಾತರು ಎಷ್ಟು ಅಂತ ಕೇಳಿದರೆ ಶೇ. 32 ಅಂದರು. ನಿಜವಾಗಿ ಶೇ. 6. ಮರುವರ್ಷ ಬಂದ ಇನ್ನೊಂದು ಸರ್ವೆಯಲ್ಲಿ ಎರಡೂ ಕಡೆಯವರು, ಎದುರು ಪಕ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತೀವ್ರ ನಿಲುವಿನವರು ಅಂದುಕೊಂಡಿದ್ದರು. ಅಂಥ ನಿಲುವಿನವರು ನಿಜಕ್ಕೂ ಇದ್ದದ್ದು ಶೇ. 30ರಷ್ಟು. ಇದರಲ್ಲಿ ಇನ್ನೊಂದು ತಮಾಷೆ ಇದೆ. ಸುದ್ದಿಯನ್ನು ಆಗೊಮ್ಮೆ ಈಗೊಮ್ಮೆ ನೋಡುವವರಿಗಿಂತ ಇಡೀ ದಿನ ನೋಡುವವರ ಅಂದಾಜೇ ಹೆಚ್ಚು ತಪ್ಪಾಗಿತ್ತು. ‘ನಾನು ಎಲ್ಲ ಫಾಲೋ ಮಾಡ್ತೀನಿ, ನನಗೆ ಅವರು ಗೊತ್ತು’ ಅನ್ನುವವರು ಇದನ್ನು ಇನ್ನೊಮ್ಮೆ ಓದಿ.

ಹಂತ 2: ನಿಮ್ಮನ್ನೂ ಅದೇ ತಕ್ಕಡಿಯಲ್ಲಿ ಇಡಿ

ಎದುರು ಪಕ್ಷ ಇತ್ತೀಚೆಗೆ ಘೋಷಿಸಿದ ಒಂದು ಯೋಜನೆ ತಗೊಳ್ಳಿ. ಅದನ್ನು ನಿಮ್ಮ ನೆಚ್ಚಿನ ನಾಯಕರೇ ಹೇಳಿದ್ದರು ಅಂತ ಕಲ್ಪಿಸಿಕೊಳ್ಳಿ. ಒಂದು ನಿಮಿಷ ಪ್ರಾಮಾಣಿಕವಾಗಿ ಯೋಚಿಸಿ, ಆಗ ನಿಮಗೆ ಏನನ್ನಿಸುತ್ತಿತ್ತು?

ಜೆಫ್ರಿ ಕೋಹೆನ್ ಇದನ್ನೇ ಕಾಲೇಜು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ಬಡವರ ನೆರವಿನ ಒಂದು ಯೋಜನೆಯನ್ನು ಓದಲು ಕೊಟ್ಟು, ಇದನ್ನು ಇಂಥ ಪಕ್ಷ ಬೆಂಬಲಿಸಿದೆ ಅಂತ ಹೇಳಿದರು. ಯೋಜನೆಯಲ್ಲಿ ಏನಿದೆ ಅನ್ನುವುದಕ್ಕಿಂತ ಯಾವ ಪಕ್ಷದ್ದು ಅನ್ನುವುದೇ ವಿದ್ಯಾರ್ಥಿಗಳ ಅಭಿಪ್ರಾಯವನ್ನು ನಿರ್ಧರಿಸಿತು. ಎಡ, ಬಲ ಎರಡೂ ಕಡೆಯವರು ಹಾಗೇ. ಪಕ್ಷದ ಹೆಸರಿನಿಂದ ನಿಮ್ಮ ಅಭಿಪ್ರಾಯ ಬದಲಾಯಿತಾ ಅಂದರೆ ‘ಇಲ್ಲ ಇಲ್ಲ, ನಾನು ಯೋಜನೆ ನೋಡಿ ಹೇಳಿದ್ದು’ ಅಂದರು. ಬೇರೆಯವರ ಮೇಲೆ ಪ್ರಭಾವ ಆಗಿರಬಹುದು, ನಮ್ಮ ಮೇಲಲ್ಲ ಅನ್ನುವ ಧೈರ್ಯ!

ಇನ್ನೊಂದು ಅಭ್ಯಾಸ. ನೀವು ಗಟ್ಟಿಯಾಗಿ ಬೆಂಬಲಿಸುವ ಒಂದು ನೀತಿಯನ್ನು ತಗೊಂಡು, ಅದು ಜಾರಿಗೆ ಬರುವುದು ಹೇಗೆ ಅಂತ ಹೆಜ್ಜೆ ಹೆಜ್ಜೆಯಾಗಿ ಬರೆಯಿರಿ. ಯಾಕೆ ಒಳ್ಳೆಯದು ಅಂತಲ್ಲ, ಹೇಗೆ ನಡೆಯುತ್ತೆ ಅಂತ. ದುಡ್ಡು ಎಲ್ಲಿಂದ, ಯಾವ ಇಲಾಖೆ, ಯಾರು ತಪಾಸಣೆ ಮಾಡುತ್ತಾರೆ, ತಪ್ಪಿದರೆ ಏನಾಗುತ್ತೆ. ನಾಲ್ಕನೇ ಸಾಲಿಗೆ ಪೆನ್ನು ನಿಲ್ಲುತ್ತದೆ. ಎದುರಿನವರಿಗೆ ‘ಏನೂ ಗೊತ್ತಿಲ್ಲದೇ ಮಾತಾಡ್ತಾರೆ’ ಅನ್ನುವ ಮೊದಲು ಈ ಕಾಗದ ನೋಡಿಕೊಂಡರೆ ಸಾಕು.

ಹಂತ 3: ಒಬ್ಬರನ್ನು ಆರಿಸಿ, ಜಾಗವನ್ನೂ ಆರಿಸಿ

ಒಬ್ಬರು ಸಾಕು. ನಿಮಗೆ ಅವರ ಮೇಲೆ ಮೊದಲೇ ಗೌರವ ಇರಬೇಕು. ಪಕ್ಷದ ಪದಾಧಿಕಾರಿ ಬೇಡ, ಇಡೀ ದಿನ ರಾಜಕೀಯ ಫಾರ್ವರ್ಡ್ ಕಳಿಸುವವರೂ ಬೇಡ. ವೋಟು ಹಾಕಿ ತಮ್ಮ ಪಾಡಿಗೆ ತಾವು ಇರುವವರೇ ಬಹುಪಾಲು ಮತದಾರರು, ನೀವು ಅರ್ಥ ಮಾಡಿಕೊಳ್ಳಬೇಕಿರುವುದು ಅವರನ್ನು.

ವಾಟ್ಸಾಪ್ ಗ್ರೂಪ್, ಫೇಸ್‌ಬುಕ್ ಕಮೆಂಟು ಎರಡೂ ಬೇಡ. ಅಲ್ಲಿ ನೋಡುವವರು ಇರುತ್ತಾರೆ. ನೋಡುವವರಿದ್ದರೆ ಯಾರೂ ಸೋಲುವುದಿಲ್ಲ. ‘ಎದುರು ಪಕ್ಷದ ಪೋಸ್ಟ್‌ಗಳನ್ನು ಓದುತ್ತಾ ಹೋದರೆ ಅರ್ಥವಾಗುತ್ತೆ’ ಅನ್ನುವುದೂ ಅಷ್ಟು ಸರಿಯಲ್ಲ. ಕ್ರಿಸ್ ಬೇಲ್ ತಂಡ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಟ್ವಿಟರ್ ಬಳಕೆದಾರರಿಗೆ ದುಡ್ಡು ಕೊಟ್ಟು, ಎದುರು ಪಾಳಯದ ಮಾತುಗಳನ್ನು ಒಂದು ತಿಂಗಳು ನೋಡುವ ಹಾಗೆ ಮಾಡಿದರು. ರಿಪಬ್ಲಿಕನ್ನರು ತಮ್ಮ ನಿಲುವಿನಲ್ಲಿ ಇನ್ನಷ್ಟು ಗಟ್ಟಿಯಾದರು. ಡೆಮಾಕ್ರಾಟರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಇಬ್ಬರೇ ಇರುವ ಹೊತ್ತು ಹುಡುಕಿ. ವಾಕಿಂಗ್ ಹೋಗುವಾಗ, ದೂರದ ಪ್ರಯಾಣದಲ್ಲಿ, ಕೈಯಲ್ಲಿ ಯಾವುದಾದರೂ ಕೆಲಸ ಇರುವಾಗ. ಎದುರುಬದುರು ಕೂತು ಕಣ್ಣಿಟ್ಟು ನೋಡುವುದಕ್ಕಿಂತ ಪಕ್ಕಪಕ್ಕ ಇದ್ದರೆ ಮಾತು ಸಲೀಸು. ಮತದಾನದ ವಾರ, ಫಲಿತಾಂಶದ ದಿನ, ಯಾವುದಾದರೂ ಗಲಾಟೆಯ ಸುದ್ದಿ ಬಂದ ದಿನ ಬಿಟ್ಟುಬಿಡಿ.

ಹಂತ 4: ಮತದಾರರನ್ನೂ ನಾಯಕರನ್ನೂ ಬೇರೆ ಮಾಡಿ

ನನ್ನ ಪ್ರಕಾರ ಹೆಚ್ಚಿನ ಜಗಳ ಹುಟ್ಟುವುದೇ ಇಲ್ಲಿ. ಆ ಪಕ್ಷದ ಯಾರೋ ಒಬ್ಬ ಏನೋ ಅಂದ. ಅದಕ್ಕೆ ನಿಮ್ಮ ಗೆಳೆಯ ಉತ್ತರ ಕೊಡಬೇಕು ಅಂತ ನೀವು ಕೂರುತ್ತೀರಿ. ಅವರು ಆ ಮಾತನ್ನು ಕೇಳಿಯೇ ಇರುವುದಿಲ್ಲ. ಕೇಳಿದ್ದರೂ ಒಪ್ಪಿರುವುದಿಲ್ಲ. ಆದರೆ ನೀವು ಆರೋಪಿಯ ಕಟಕಟೆಯಲ್ಲಿ ನಿಲ್ಲಿಸಿದ ಮೇಲೆ ಸಮರ್ಥಿಸಿಕೊಳ್ಳದೇ ಇನ್ನೇನು ಮಾಡುತ್ತಾರೆ?

ವೋಟು ಅನ್ನುವುದು ಬೇಕಾದ್ದನ್ನೂ ಬೇಡದ್ದನ್ನೂ ಒಟ್ಟಿಗೆ ಕಟ್ಟಿದ ಗಂಟು. ಬಿಚ್ಚಿ ಒಂದೊಂದೇ ಆರಿಸಲು ಬರುವುದಿಲ್ಲ. ಒಬ್ಬರು ಆರೋಗ್ಯ ಯೋಜನೆ ನೋಡಿ ವೋಟು ಹಾಕುತ್ತಾರೆ. ಇನ್ನೊಬ್ಬರು ಅಭ್ಯರ್ಥಿ ಪರಿಚಯದವರು ಅಂತ ಹಾಕುತ್ತಾರೆ. ಅಪ್ಪನ ಕಾಲದಿಂದಲೂ ಅದೇ ಪಕ್ಷ ಅನ್ನುವವರಿದ್ದಾರೆ. ಬಹಳ ಜನ ಒಂದು ಪಕ್ಷದ ಮೇಲಿನ ಪ್ರೀತಿಗಿಂತ ಇನ್ನೊಂದು ಪಕ್ಷ ಬರಬಾರದು ಅನ್ನುವ ಭಯಕ್ಕೆ ವೋಟು ಹಾಕುತ್ತಾರೆ. ಗೆದ್ದ ಪಕ್ಷ ಮಾತ್ರ ಅಷ್ಟೂ ವೋಟುಗಳನ್ನು ತನ್ನ ಪ್ರಣಾಳಿಕೆಯ ಪ್ರತಿ ಸಾಲಿಗೂ ಸಿಕ್ಕ ಒಪ್ಪಿಗೆ ಅಂತ ಹೇಳಿಕೊಳ್ಳುತ್ತದೆ. ಸೋತವರೂ ಅದನ್ನೇ ನಂಬಿ ಮತದಾರರ ಮೇಲೆ ಸಿಟ್ಟಾಗುತ್ತಾರೆ.

ಆದ್ದರಿಂದ ಎರಡು ಪ್ರಶ್ನೆ ಜೇಬಿನಲ್ಲಿರಲಿ. ‘ನಿಮ್ಮ ಪಕ್ಷದಲ್ಲಿ ನಿಮಗೆ ಇಷ್ಟವಾಗದೇ ಇರೋದು ಏನು?’ ‘ಆ ಕಡೆಯವರು ಗೆದ್ದರೆ ಏನಾಗುತ್ತೆ ಅಂತ ನಿಮಗೆ ಭಯ?’ ಮೊದಲನೆಯದನ್ನು ಕೇಳುವ ಮೊದಲು ನಿಮ್ಮ ಪಕ್ಷದಲ್ಲಿ ನಿಮಗೆ ಇಷ್ಟವಾಗದ್ದನ್ನು ನೀವೇ ಹೇಳಿಬಿಡಿ. ಹಾಗೆ ಮಾಡದಿದ್ದರೆ ಅದು ಬಲೆ ಅನ್ನಿಸುತ್ತೆ.

ಹಂತ 5: ಅಭಿಪ್ರಾಯ ಕೇಳಬೇಡಿ, ಅದು ಬಂದ ದಾರಿ ಕೇಳಿ

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಊರ ಹತ್ತಿರ ಒಂದು ದೊಡ್ಡ ಕಾರ್ಖಾನೆ ಬರುವುದಿದೆ. ಒಂದು ಪಕ್ಷ ಬರಲಿ ಅನ್ನುತ್ತದೆ. ಇನ್ನೊಂದು ನದಿ ಹಾಳಾಗುತ್ತದೆ, ಬೇಡ ಅನ್ನುತ್ತದೆ. ಸೋದರಮಾವ ಮೊದಲ ಪಕ್ಷ, ಸೋದರಳಿಯ ಎರಡನೆಯದು. ಮಾತು ಹೀಗೆ ಶುರುವಾದರೆ:

‘ಮಾವ, ನೀವು ಅವರಿಗೆ ಹೇಗೆ ವೋಟು ಹಾಕಿದ್ರಿ? ನದಿ ಪೂರ್ತಿ ಹಾಳಾಗುತ್ತೆ ಅಂತ ಗೊತ್ತಿಲ್ವಾ?’

‘ಗೊತ್ತು ಕಣೋ. ನಿನಗೆ ನದಿ ಬೇಕು. ಹೊಟ್ಟೆಗೆ?’

‘ಕೆಲಸ ಕೊಡ್ತೀವಿ ಅಂತ ಹೇಳಿ ಮೋಸ ಮಾಡೋದು ಇದೇ ಮೊದಲಾ?’

‘ಹಾಗಾದ್ರೆ ನಾನು ಮೋಸ ಹೋಗೋನು ಅಂತಾಯ್ತು.’

ಮುಗೀತು. ಇನ್ನು ಎಷ್ಟು ಹೊತ್ತು ಮಾತಾಡಿದರೂ ಕಾರ್ಖಾನೆ ವಿಷಯ ಬರುವುದಿಲ್ಲ. ಮಾವ ದಡ್ಡನೋ ಅಲ್ಲವೋ ಅನ್ನುವುದಷ್ಟೇ ಚರ್ಚೆ. ಅದೇ ಅಳಿಯ ಹೀಗೆ ಶುರು ಮಾಡಿದ್ದರೆ:

‘ಮಾವ, ಈ ಕಾರ್ಖಾನೆ ಬರ್ಬೇಕು ಅಂತ ನಿಮಗೆ ಅನ್ಸೋಕೆ ಶುರುವಾಗಿದ್ದು ಯಾವಾಗ? ಮೊದಲಿಂದನೂ ಇತ್ತಾ?’

‘ಮೊದಲೆಲ್ಲಿ? ದೊಡ್ಡವನು ಓದು ಮುಗಿಸಿ ಕೆಲಸ ಹುಡುಕೋಕೆ ಶುರು ಮಾಡಿದ ಮೇಲೆ.’

‘ಅವನು ಆಮೇಲೆ ಹೊರಗೆ ಹೋದ ಅಲ್ವಾ?’

‘ಹೋದ. ವರ್ಷಕ್ಕೊಂದ್ಸಲ ಬರ್ತಾನೆ. ಅವನ ಫೋನ್ ಬಂದ ದಿನ ನಿಮ್ಮತ್ತೆ ರಾತ್ರಿ ಸರಿಯಾಗಿ ಊಟ ಮಾಡಲ್ಲ. ಈಗ ಚಿಕ್ಕವನೂ ಹಂಗೇ ಹೋಗ್ಬೇಕಾ?’

‘ನದಿ ಬಗ್ಗೆ ಏನನ್ಸುತ್ತೆ?’

‘ಅನ್ಸದೇ ಏನು? ನಾನು ಈಜು ಕಲಿತಿದ್ದೇ ಅಲ್ಲಿ. ನೀರು ಶುದ್ಧ ಮಾಡಿ ಬಿಡ್ತೀವಿ ಅಂತಾರೆ. ಬಿಡ್ತಾರೋ ಇಲ್ವೋ, ನನಗೂ ಅಷ್ಟು ನಂಬಿಕೆ ಇಲ್ಲ.’

ಎರಡನೇ ಮಾತುಕತೆಯಲ್ಲಿ ಅಳಿಯ ಏನನ್ನೂ ಒಪ್ಪಿಕೊಂಡಿಲ್ಲ. ಆದರೂ ಎರಡು ವಿಷಯ ಗೊತ್ತಾಯಿತು. ಮಾವನಿಗೆ ಕಾರ್ಖಾನೆ ಅಂದರೆ ಅಭಿವೃದ್ಧಿಯೂ ಅಲ್ಲ, ಪಕ್ಷವೂ ಅಲ್ಲ, ಚಿಕ್ಕ ಮಗ ಮನೆಯಲ್ಲಿ ಉಳಿಯುವುದು. ಮತ್ತೆ, ತಮ್ಮದೇ ಪಕ್ಷದ ಭರವಸೆಯ ಮೇಲೆ ಅವರಿಗೆ ಅನುಮಾನ ಇದೆ. ಆ ಅನುಮಾನ ಮೊದಲ ಮಾತುಕತೆಯಲ್ಲಿ ಯಾಕೆ ಬರಲಿಲ್ಲ? ಅಲ್ಲಿ ಅನುಮಾನವನ್ನು ಅಳಿಯನೇ ಹೇಳಿಬಿಟ್ಟಿದ್ದ. ಮಾವನಿಗೆ ಉಳಿದದ್ದು ಎದುರು ನಿಲ್ಲುವ ಪಾತ್ರ ಮಾತ್ರ.

ಕೇಳುವ ರೀತಿ ಇಷ್ಟೇ. ‘ಯಾಕೆ’ ಅನ್ನುವ ಬದಲು ‘ಯಾವಾಗಿನಿಂದ’, ‘ಏನಾಯ್ತು’, ‘ಆಗ ಮನೇಲಿ ಹೇಗಿತ್ತು’ ಅನ್ನಿ. ‘ಯಾಕೆ’ ಅಂದರೆ ಜನ ವಾದ ಹುಡುಕುತ್ತಾರೆ, ಟಿವಿಯಲ್ಲಿ ಕೇಳಿದ್ದನ್ನೇ ಒಪ್ಪಿಸುತ್ತಾರೆ. ‘ಏನಾಯ್ತು’ ಅಂದರೆ ನಡೆದದ್ದು ಹೇಳುತ್ತಾರೆ. ಒಂದು ಉತ್ತರ ಬಂದ ಮೇಲೆ ಇನ್ನೊಂದು ವಿಷಯಕ್ಕೆ ಹಾರಬೇಡಿ. ಅದರ ಮೇಲೆಯೇ ಇನ್ನೆರಡು ಪ್ರಶ್ನೆ ಕೇಳಿ. ಮಧ್ಯೆ ಮೌನ ಬಂದರೆ ಬರಲಿ.

ಹಂತ 6: ಕೇಳಿದ್ದನ್ನು ತಿರುಗಿ ಹೇಳಿ

ಅಳಿಯ ಮುಂದೆ ಹೀಗೆ ಹೇಳಬಹುದು: ‘ಮಾವ, ನನಗೆ ಅರ್ಥವಾಗಿದ್ದು ಹೇಳ್ತೀನಿ, ತಪ್ಪಿದ್ರೆ ತಿದ್ದಿ. ಹತ್ತಿರದಲ್ಲೇ ಕೆಲಸ ಇದ್ರೆ ಚಿಕ್ಕವನು ಮನೇಲಿ ಇರ್ತಾನೆ. ನದಿಗೆ ತೊಂದರೆ ಆಗಬಹುದು ಅಂತ ನಿಮಗೂ ಗೊತ್ತು. ಆದರೆ ಹುಡುಗರೆಲ್ಲ ಹೊರಟುಹೋದ ಮೇಲೆ ನದಿ ಇದ್ದು ಏನು ಮಾಡೋದು ಅನ್ನೋದು ನಿಮ್ಮ ಮಾತು.’

‘ಹೂಂ, ಹೆಚ್ಚುಕಮ್ಮಿ ಅದೇ. ಇನ್ನೊಂದಿದೆ. ನಿಮ್ಮ ಹೋರಾಟದವರು ಬಂದು ಅಷ್ಟು ಮೀಟಿಂಗ್ ಮಾಡಿದ್ರಲ್ಲ, ಒಬ್ಬರಾದ್ರೂ ನಮ್ಮನ್ನ ಕೇಳಿದ್ರಾ? ನಮಗೆ ಪಾಠ ಮಾಡಿ ಹೋದ್ರು.’

ಈ ‘ಇನ್ನೊಂದಿದೆ’ ಬರುವುದು ತಿರುಗಿ ಹೇಳಿದಾಗಲೇ. ಅನೇಕ ಸಲ ಅಸಲಿ ಕಾರಣ ಅದೇ ಆಗಿರುತ್ತದೆ. ನಮ್ಮನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ ಅನ್ನುವ ನೋವು ಯಾವ ಪ್ರಣಾಳಿಕೆಯಲ್ಲೂ ಇರುವುದಿಲ್ಲ, ಮತಗಟ್ಟೆಗೆ ಮಾತ್ರ ಬರುತ್ತದೆ.

ತಿರುಗಿ ಹೇಳುವಾಗ ಒಂದು ಎಚ್ಚರ. ‘ಅಂದ್ರೆ ನೀವು ಹೇಳೋದು ನದಿ ಸತ್ರೂ ಪರವಾಗಿಲ್ಲ ಅಂತ’ ಅನ್ನುವುದು ತಿರುಗಿ ಹೇಳುವುದಲ್ಲ, ತಿರುಚಿ ಹೇಳುವುದು. ಅವರೇ ಹೇಳಿದ್ದಕ್ಕಿಂತ ಸ್ವಲ್ಪ ಚೆನ್ನಾಗಿ ಹೇಳಿ. ಗಣಿತಜ್ಞ ಅನಾಟೋಲ್ ರ‍್ಯಾಪಪೋರ್ಟ್ ಹೆಸರಿನಲ್ಲಿ ಪ್ರಸಿದ್ಧವಾಗಿರುವ ನಿಯಮವೂ ಇದೇ. ಎದುರಿನವರ ವಾದವನ್ನು ಅವರೇ ಮೆಚ್ಚುವ ಹಾಗೆ ಹೇಳಿ ಮುಗಿಸುವ ತನಕ ನಿಮ್ಮ ಟೀಕೆ ಶುರುವಾಗಬಾರದು.

ಹಂತ 7: ನಿಮ್ಮದನ್ನು ಹೇಳುವಾಗ ವಾದಕ್ಕಿಂತ ಅನುಭವ ಮೊದಲು

ಅವರು ಕೇಳಿದರೆ ಹೇಳಿ. ಕೇಳದಿದ್ದರೆ ಅವತ್ತಿಗೆ ಬಿಡಿ.

ಹೇಳುವಾಗ ಅಂಕಿ ಅಂಶದಿಂದ ಶುರು ಮಾಡಬೇಡಿ. ನಿಮಗೆ ಆ ಅಭಿಪ್ರಾಯ ಹೇಗೆ ಬಂತು ಅಂತ ಹೇಳಿ. ಇದಕ್ಕೆ ಒಳ್ಳೆಯ ಆಧಾರ ಇದೆ, ಜೊತೆಗೊಂದು ಕಥೆಯೂ ಇದೆ. ಮನೆ ಬಾಗಿಲಿಗೆ ಹೋಗಿ ಮಾತಾಡಿದರೆ ಜನರ ಮನಸ್ಸು ಬಹಳ ಕಾಲ ಬದಲಾಗುತ್ತದೆ ಅಂತ 2014ರಲ್ಲಿ ಒಂದು ಸಂಶೋಧನೆ ದೊಡ್ಡ ಸದ್ದು ಮಾಡಿತು. ಅದರ ಅಂಕಿಗಳಲ್ಲಿ ಏನೋ ಸರಿಯಿಲ್ಲ ಅಂತ ಡೇವಿಡ್ ಬ್ರೂಕ್‌ಮನ್, ಜೋಶುವಾ ಕಲ್ಲಾ ಮತ್ತು ಅವರ ಜೊತೆಗಾರರು ಕಂಡುಹಿಡಿದರು. 2015ರಲ್ಲಿ ಆ ಪ್ರಬಂಧವನ್ನು ವಾಪಸ್ ತಗೊಳ್ಳಲಾಯಿತು. ಮಜಾ ಏನೆಂದರೆ, ಆಮೇಲೆ ಬ್ರೂಕ್‌ಮನ್ ಮತ್ತು ಕಲ್ಲಾ ಮಯಾಮಿಯಲ್ಲಿ ನಿಜವಾದ ಪ್ರಯೋಗ ಮಾಡಿದರು. ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ಮನೆಬಾಗಿಲಲ್ಲಿ ಸುಮಾರು ಹತ್ತು ನಿಮಿಷದ ಮಾತು. ಬೈಯುವುದಿಲ್ಲ, ತೀರ್ಪು ಕೊಡುವುದಿಲ್ಲ. ತಮ್ಮನ್ನು ಬೇರೆಯವರು ಕೀಳಾಗಿ ಕಂಡ ಸಂದರ್ಭ ನೆನಪಿಸಿಕೊಳ್ಳಿ ಅಂತ ಮನೆಯವರನ್ನು ಕೇಳುವುದು. 2016ರಲ್ಲಿ ಫಲಿತಾಂಶ ಬಂತು. ಪೂರ್ವಗ್ರಹ ಕಮ್ಮಿಯಾಗಿತ್ತು, ಮೂರು ತಿಂಗಳಾದರೂ ಹಾಗೇ ಇತ್ತು.

ಅದೇ ಇಬ್ಬರು 2018ರಲ್ಲಿ ಇನ್ನೊಂದು ತೋರಿಸಿದರು. ಚುನಾವಣೆ ಹೊತ್ತಿನಲ್ಲಿ ಪಕ್ಷಗಳು ಮಾಡುವ ಮಾಮೂಲಿ ಪ್ರಚಾರಕ್ಕೆ, ಅಂದರೆ ಕರಪತ್ರ, ಫೋನ್, ಜಾಹೀರಾತಿಗೆ, ಮತದಾರರ ಆಯ್ಕೆ ಬದಲಿಸುವ ಶಕ್ತಿ ಸರಾಸರಿ ಸೊನ್ನೆಯ ಹತ್ತಿರ. ನೀವು ಮಾವನಿಗೆ ಕಳಿಸುವ ಗ್ರಾಫ್ ಇರುವ ಫಾರ್ವರ್ಡಿಗೆ ಎಷ್ಟು ಶಕ್ತಿ ಇರಬಹುದು, ನೀವೇ ಲೆಕ್ಕ ಹಾಕಿ.

ಮಾತಿನಲ್ಲಿ ಸ್ವಲ್ಪ ಸಡಿಲ ಇಟ್ಟುಕೊಳ್ಳಿ. ‘ನನಗೆ ಅನ್ಸೋದು’, ‘ಕೆಲವು ಸಲ’, ‘ಇದರಲ್ಲಿ ನಾವಿಬ್ಬರೂ ಒಂದೇ’ ಇಂಥ ಮಾತುಗಳು ಹೆದರಿಕೆಯ ಲಕ್ಷಣ ಅಂತ ಕೆಲವರು ತಿಳಿಯುತ್ತಾರೆ. ಆದರೆ ಹಾಗೆ ಮಾತಾಡುವವರ ಜೊತೆ ಇನ್ನೊಮ್ಮೆ ಮಾತಾಡಲು ಜನ ಒಪ್ಪುತ್ತಾರೆ.

ಹಂತ 8: ಸುಳ್ಳು ಬಂದಾಗ

ಇದು ಬಂದೇ ಬರುತ್ತದೆ. ಕಾರ್ಖಾನೆಯಿಂದ ಇಷ್ಟು ಸಾವಿರ ಕೆಲಸ ಅಂತ ಮಾವ ಹೇಳುತ್ತಾರೆ, ಆ ಅಂಕಿ ತಪ್ಪು ಅಂತ ನಿಮಗೆ ಖಂಡಿತ ಗೊತ್ತು. ಏನು ಮಾಡಬೇಕು?

ತಿದ್ದಿದರೆ ಜನ ಇನ್ನೂ ಹಟ ಹಿಡಿಯುತ್ತಾರೆ ಅನ್ನುವ ಮಾತು ಬಹಳ ಓಡಾಡಿದೆ. 2010ರ ಒಂದು ಅಧ್ಯಯನ ಹಾಗೆ ಹೇಳಿತ್ತು. ಮುಂದೆ ಥಾಮಸ್ ವುಡ್ ಮತ್ತು ಈಥನ್ ಪೋರ್ಟರ್ 52 ವಿಷಯಗಳ ಮೇಲೆ, ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿದಾಗ ಅಂಥ ಉಲ್ಟಾ ಹೊಡೆತ ಹೆಚ್ಚುಕಮ್ಮಿ ಕಾಣಲೇ ಇಲ್ಲ. ಜನ ಸರಿಯಾದ ಮಾಹಿತಿಯನ್ನು ಒಪ್ಪುತ್ತಾರೆ. ವೋಟು ಮಾತ್ರ ಅದರಿಂದ ಬದಲಾಗುವುದಿಲ್ಲ. ಅಮೆರಿಕದ 2016ರ ಚುನಾವಣೆಯ ಹೊತ್ತಿನಲ್ಲಿ ಟ್ರಂಪ್ ಬೆಂಬಲಿಗರಿಗೆ ಅವರ ಭಾಷಣದ ತಪ್ಪು ತೋರಿಸಿದಾಗ ಅವರು ಅಂಕಿಯನ್ನು ತಿದ್ದಿಕೊಂಡರು, ಅಭ್ಯರ್ಥಿಯ ಮೇಲಿನ ಅಭಿಮಾನ ಹಾಗೇ ಉಳಿಯಿತು. ಮಾವನ ವಿಷಯದಲ್ಲೂ ಅಷ್ಟೇ. ಅವರ ಕಾರಣ ಮಗ. ಅಂಕಿಯನ್ನು ಆಮೇಲೆ ಸೇರಿಸಿಕೊಂಡದ್ದು.

ಹಾಗಾಗಿ ತಿದ್ದಿ, ಆದರೆ ತಿದ್ದಿದ್ದನ್ನೇ ಗೆಲುವು ಅಂದುಕೊಳ್ಳಬೇಡಿ. ‘ಆ ಅಂಕಿ ನಾನು ಬೇರೆ ಓದಿದೀನಿ ಮಾವ, ಒಟ್ಟಿಗೆ ನೋಡೋಣ’ ಅಂದು, ಇಬ್ಬರೂ ನಂಬುವ ಕಡೆ ನೋಡಿ. ನಿಮ್ಮ ಅಂಕಿಯೇ ತಪ್ಪಿದ್ದರೆ ಅಲ್ಲೇ ಒಪ್ಪಿಕೊಳ್ಳಿ.

ಎಲ್ಲಿ ನಿಲ್ಲಿಸಬೇಕು

ಎಲ್ಲರನ್ನೂ ಅರ್ಥ ಮಾಡಿಕೊಳ್ಳುವ ಹೊರೆ ನಿಮ್ಮ ಮೇಲಿಲ್ಲ. ನಿಮ್ಮ ಹುಟ್ಟು, ನಿಮ್ಮ ಧರ್ಮ, ನಿಮ್ಮ ದೇಹ, ನಿಮ್ಮ ಬದುಕುವ ಹಕ್ಕನ್ನೇ ಪ್ರಶ್ನಿಸುವವರ ಮುಂದೆ ತಾಳ್ಮೆಯಿಂದ ಕೂತು ಪ್ರಶ್ನೆ ಕೇಳಿ ಅಂತ ಯಾರೂ ನಿಮಗೆ ಹೇಳುವ ಹಾಗಿಲ್ಲ. ಬೆದರಿಕೆ ಹಾಕುವವರ ಹತ್ತಿರ ಮಾತು ಬೇಡ, ದೂರು ಕೊಡಿ. ಅಂಥ ಜಾಗದಲ್ಲಿ ಈ ಕೆಲಸವನ್ನು ಏಟು ಬೀಳದ ಜಾಗದಲ್ಲಿರುವವರು ಮಾಡಲಿ. ಕಾರ್ಖಾನೆಯ ಮಾತನ್ನು ಅಳಿಯ ಆಡಬಹುದು. ಜಮೀನು ಕಳೆದುಕೊಳ್ಳುವವನೇ ಆಡಬೇಕು ಅನ್ನುವುದು ಕ್ರೂರ.

ಅರ್ಥ ಮಾಡಿಕೊಂಡರೆ ಇಬ್ಬರದ್ದೂ ಅರ್ಧರ್ಧ ಸರಿ ಅಂತ ಒಪ್ಪಬೇಕು ಎಂದೂ ಇಲ್ಲ. ಒಂದು ಕಡೆ ಪೂರ್ತಿ ತಪ್ಪಿರಬಹುದು. ಮಾವನ ಕಾರಣ ಗೊತ್ತಾದ ಮೇಲೂ ಅಳಿಯ ಕಾರ್ಖಾನೆ ವಿರುದ್ಧ ಹೋರಾಡಬಹುದು. ಆದರೆ ಈಗ ಅವನ ಹೋರಾಟದಲ್ಲಿ ‘ಹುಡುಗರಿಗೆ ಕೆಲಸ ಎಲ್ಲಿ?’ ಅನ್ನುವ ಪ್ರಶ್ನೆಗೆ ಉತ್ತರ ಇರಬೇಕಾಗುತ್ತದೆ. ಪಾಠ ಮಾಡುವ ಮೀಟಿಂಗ್ ಬದಲು ಕೇಳುವ ಮೀಟಿಂಗ್ ಮಾಡಬೇಕಾಗುತ್ತದೆ.

ಒಂದು ಮಾತುಕತೆ ಆದ ಮೇಲೆ

ಅವತ್ತೇ ರಾತ್ರಿ ಹಂತ 1ರ ಕಾಗದ ತೆಗೆದು, ತಪ್ಪಾದ ಸಾಲುಗಳನ್ನು ಹೊಡೆದುಹಾಕಿ. ಸರಿಯಾಗಿದ್ದದ್ದು ಹಾಗೇ ಇರಲಿ, ಕೆಲವು ಇರುತ್ತವೆ. ಕೇಳಿದ್ದನ್ನು ನಿಮ್ಮ ಕಡೆಯವರ ಗ್ರೂಪಿನಲ್ಲಿ ಹಾಕಬೇಡಿ. ಮಾವ ಮಗನ ಬಗ್ಗೆ ಹೇಳಿದ್ದು ನಿಮಗೆ, ಪಕ್ಷಕ್ಕಲ್ಲ.

ಮಾತಿನ ಹೊರಗೂ ಒಟ್ಟಿಗೆ ಮಾಡುವ ಕೆಲಸ ಇದ್ದರೆ ಒಳ್ಳೆಯದು. ಸುಮ್ನೆ ಒಂದೇ ಜಾಗದಲ್ಲಿದ್ದರೆ ದ್ವೇಷ ಕರಗುವುದಿಲ್ಲ ಅಂತ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಬರೆದಿದ್ದರು. ಇಬ್ಬರೂ ಸಮಾನರಾಗಿರಬೇಕು, ಗುರಿ ಒಂದಿರಬೇಕು, ಸೇರಿ ದುಡಿಯಬೇಕು, ಮೇಲಿನವರ ಬೆಂಬಲವೂ ಬೇಕು. ಐರ್ಲೆಂಡಿನಲ್ಲಿ 2016ರಿಂದ 2018ರವರೆಗೆ ಚೀಟಿ ಎತ್ತಿದ ಹಾಗೆ ಆರಿಸಿದ 99 ಸಾಮಾನ್ಯ ನಾಗರಿಕರನ್ನು ಕೂರಿಸಿ ಗರ್ಭಪಾತದಂಥ ವಿಷಯವನ್ನೇ ಚರ್ಚೆಗೆ ಕೊಟ್ಟರು. ಅಧ್ಯಕ್ಷತೆ ನ್ಯಾಯಾಧೀಶೆಯೊಬ್ಬರದ್ದು. ತಜ್ಞರು ಬಂದು ವಿವರಿಸಿದರು, ಎರಡೂ ಕಡೆಯವರು ತಮ್ಮ ವಾದ ಹೇಳಿದರು, ಜನ ಸಣ್ಣ ಗುಂಪುಗಳಲ್ಲಿ ಕೂತು ಮಾತಾಡಿದರು. ಯಾರೂ ಯಾರನ್ನೂ ಹೊಡೆಯಲಿಲ್ಲ. ಅವರ ಶಿಫಾರಸಿನ ಹಾದಿಯಲ್ಲೇ 2018ರ ಜನಮತಗಣನೆ ನಡೆಯಿತು. ವೋಟು ಹಾಕಿದವರಲ್ಲಿ ಶೇ. 66ರಷ್ಟು ಜನ ಗರ್ಭಪಾತದ ನಿರ್ಬಂಧ ತೆಗೆಯುವ ಬದಲಾವಣೆಗೆ ಒಪ್ಪಿದರು.

ಮುಂದಿನ ಫಲಿತಾಂಶದ ದಿನಕ್ಕೆ ಒಂದು ಮಾತು. ನಿಮ್ಮವರು ಗೆದ್ದರೆ ಅವತ್ತು ಮಾವನಿಗೆ ಫೋನ್ ಮಾಡಬೇಡಿ, ಸ್ಟೇಟಸ್‌ನಲ್ಲಿ ಚುಚ್ಚುವ ಮಾತೂ ಬೇಡ. ಸೋತವರಿಗೆ ಚುನಾವಣೆಯ ಮೇಲಿನ ನಂಬಿಕೆಯೇ ಸ್ವಲ್ಪ ಕುಸಿದಿರುತ್ತದೆ, ಇದು ಅನೇಕ ದೇಶಗಳಲ್ಲಿ ಕಂಡ ಸಂಗತಿ. ನಿಮ್ಮವರು ಸೋತರೆ ಮೂರ್ನಾಲ್ಕು ದಿನ ಬಿಟ್ಟು ನೀವೇ ಹೋಗಿ, ‘ಈಗ ಮೊದಲು ಯಾವ ಕೆಲಸ ಆಗ್ಬೇಕು ಅಂತೀರಿ ಮಾವ?’ ಅಂತ ಕೇಳಿ. ಅವರು ಹೇಳಿದ್ದನ್ನು ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ. ವರ್ಷ ಕಳೆದ ಮೇಲೆ ಆಗಿದೆಯೋ ಇಲ್ಲವೋ ಅಂತ ಇಬ್ಬರೂ ಕೂತು ನೋಡಬಹುದು.